ಒಡೆದ ಪ್ರನಾಳ ಮತ್ತು ಕೆಡದ ಮೊಸರು

ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗಿದ್ದೀರಿ. ಬೆಳಿಗ್ಗೆ ಎದ್ದು ನೋಡಿದರೆ ಹಾಲು ಹಾಲಾಗಿಯೇ ಇದೆ. ಚಳಿ ಹೆಚ್ಚಾಯಿತು, ಹಾಲು ತೀರಾ ಬಿಸಿ ಇದ್ದಾಗಲೇ ಹೆಪ್ಪು ಹಾಕಿಬಿಟ್ಟೆ ಎಂದು ಮನೆಯಲ್ಲಿ ಕಾರಣ ಹುಡುಕುತ್ತಾರೆ. ಬಹಳ ಸಲ ಅದೇ ನಿಜ. ಆದರೆ ತಾಪವನ್ನು ಯಂತ್ರಗಳೇ ಕಾಯುವ ದೊಡ್ಡ ಡೈರಿಗಳಲ್ಲಿಯೂ ಒಮ್ಮೊಮ್ಮೆ ಸಾವಿರಾರು ಲೀಟರ್ ಹಾಲು ಹೆಪ್ಪಾಗದೆ ಉಳಿದುಬಿಡುತ್ತದೆ. ಅಲ್ಲಿ ಕಾಯಿಲೆ ಬಿದ್ದಿರುವುದು ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು. ಅವನ್ನು ಕಾಡುವ ವೈರಸ್‌ಗಳಿಗೆ ಬ್ಯಾಕ್ಟೀರಿಯಭಕ್ಷಕಗಳು ಅಥವಾ ಚಿಕ್ಕದಾಗಿ ಫೇಜ್‌ಗಳು ಎಂದು ಹೆಸರು. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಫೆಲಿಕ್ಸ್ ಡಿ'ಹೆರೆಲ್ ಇವನ್ನು ಪತ್ತೆ ಮಾಡಿದರು.

ಫೇಜ್ ಬ್ಯಾಕ್ಟೀರಿಯದ ಮೈಗೆ ಅಂಟಿಕೊಂಡು ತನ್ನ ಡಿಎನ್‌ಎಯನ್ನು ಒಳಕ್ಕೆ ಚುಚ್ಚುತ್ತದೆ. ಅರ್ಧ ಗಂಟೆಯೊಳಗೆ ಕೋಶ ಒಡೆದು ನೂರಾರು ಹೊಸ ಫೇಜ್‌ಗಳು ಹೊರಬೀಳುತ್ತವೆ. ಒಂದು ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಸುಮಾರು ಒಂದು ಕೋಟಿ ವೈರಸ್‌ಗಳಿರುತ್ತವೆ; ಅವುಗಳಲ್ಲಿ ಬಹುಪಾಲು ಫೇಜ್‌ಗಳೇ. ಬ್ಯಾಕ್ಟೀರಿಯಗಳಿಗಿಂತ ಅವು ಸುಮಾರು ಹತ್ತು ಪಟ್ಟು ಹೆಚ್ಚು. ಹಾಗಿದ್ದರೆ ಭೂಮಿಯ ಮೇಲೆ ಬ್ಯಾಕ್ಟೀರಿಯ ಎಂಬುದು ಇನ್ನೂ ಉಳಿದಿದೆಯಲ್ಲ, ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಎಂಬತ್ತು ವರ್ಷಗಳಷ್ಟು ಉದ್ದ. ಅದರ ಮೊದಲಿಗೂ ನಡುವಿಗೂ ಒಬ್ಬನೇ ವಿಜ್ಞಾನಿಯ ಹೆಸರು ಬರುತ್ತದೆ: ಸಾಲ್ವಡಾರ್ ಲೂರಿಯ.

ಲೂರಿಯ ಇಟಲಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ವೈದ್ಯ. 1943ರ ಆರಂಭದಲ್ಲಿ ಇಂಡಿಯಾನ ವಿಶ್ವವಿದ್ಯಾನಿಲಯದ ಅಧ್ಯಾಪಕರ ಕೂಟವೊಂದರಲ್ಲಿ ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ನಾಣ್ಯ ಹಾಕುತ್ತಿದ್ದುದನ್ನು ಅವರು ನೋಡುತ್ತಿದ್ದರು. ಹೆಚ್ಚಿನ ಸಲ ಏನೂ ಬರುವುದಿಲ್ಲ. ಎಲ್ಲೋ ಒಮ್ಮೆ ದುಡ್ಡಿನ ರಾಶಿಯೇ ಸುರಿಯುತ್ತದೆ. ಆ ಹೊತ್ತಿಗೆ ಲೂರಿಯ ಅವರನ್ನು ಕಾಡುತ್ತಿದ್ದ ಪ್ರಶ್ನೆ ಇದು: ಫೇಜ್ ಸುರಿದಾಗ ಬ್ಯಾಕ್ಟೀರಿಯಗಳೆಲ್ಲ ಸತ್ತರೂ ಕೆಲವು ಬದುಕಿ ಉಳಿಯುತ್ತವೆ, ಅವುಗಳ ಸಂತತಿಯೂ ಆ ಫೇಜ್‌ಗೆ ಬಗ್ಗುವುದಿಲ್ಲ. ಈ ನಿರೋಧಶಕ್ತಿ ಫೇಜ್ ಎದುರಾದ ಮೇಲೆ ಕಲಿತದ್ದೇ, ಅಥವಾ ಮೊದಲೇ ಆಕಸ್ಮಿಕವಾಗಿ ಆದ ಉತ್ಪರಿವರ್ತನೆಯೇ?

ನೀವೇ ಯೋಚಿಸಿ ನೋಡಿ. ಬ್ಯಾಕ್ಟೀರಿಯಗಳನ್ನು ಹಲವು ಪ್ರನಾಳಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ಆಮೇಲೆ ಪ್ರತಿಯೊಂದನ್ನೂ ಫೇಜ್ ಹರಡಿದ ತಟ್ಟೆಗೆ ಸುರಿಯುತ್ತೀರಿ. ಫೇಜ್ ಕಂಡ ಮೇಲೆ ಕಲಿಯುವುದಾದರೆ ಪ್ರತಿ ತಟ್ಟೆಯಲ್ಲಿಯೂ ಉಳಿದವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಉತ್ಪರಿವರ್ತನೆ ಮೊದಲೇ ಆಗಿರುವುದಾದರೆ, ಬೆಳವಣಿಗೆಯ ಆರಂಭದಲ್ಲೇ ಅದು ಆಗಿಹೋದ ಪ್ರನಾಳದಲ್ಲಿ ನೂರಾರು ಇರುತ್ತವೆ, ಬೇರೆಯವುಗಳಲ್ಲಿ ಸೊನ್ನೆ. ಜೂಜಿನ ಯಂತ್ರದ ಹಾಗೆ. ಲೂರಿಯ ಕಂಡದ್ದು ಎರಡನೆಯದನ್ನೇ. ಮ್ಯಾಕ್ಸ್ ಡೆಲ್‌ಬ್ರೂಕ್ ಗಣಿತ ಒದಗಿಸಿದರು. ಬ್ಯಾಕ್ಟೀರಿಯಗಳು ಅನುಭವದಿಂದ ಕಲಿಯುವುದಿಲ್ಲ ಎಂಬ ತೀರ್ಮಾನ ಪಠ್ಯಪುಸ್ತಕ ಸೇರಿತು. ಈ ಮಾತನ್ನು ನೆನಪಿಡಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಒಂಬತ್ತು ವರ್ಷಗಳ ಅನಂತರ ಲೂರಿಯ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿದ್ದರು. ಅವರೂ ಮೇರಿ ಹ್ಯೂಮನ್ ಅವರೂ ಒಂದು ವಿಚಿತ್ರ ಇ. ಕೋಲೈ ತಳಿಯನ್ನು ಪರೀಕ್ಷಿಸುತ್ತಿದ್ದರು. ಟಿ2 ಎಂಬ ಫೇಜ್ ಅದರೊಳಕ್ಕೆ ಹೊಕ್ಕರೆ ಬ್ಯಾಕ್ಟೀರಿಯ ಸಾಯುತ್ತಿತ್ತು, ಆದರೆ ಹೊಸ ಫೇಜ್ ಮಾತ್ರ ಹೊರಬಂದಂತೆ ಕಾಣುತ್ತಿರಲಿಲ್ಲ. ಹೊರಬಂದಿದೆಯೇ ಎಂದು ತಿಳಿಯುವುದು ಹೇಗೆ? ದ್ರವವನ್ನು ಮಾಮೂಲಿ ಇ. ಕೋಲೈ ಬೆಳೆದ ತಟ್ಟೆಯ ಮೇಲೆ ಸುರಿಯುತ್ತಾರೆ. ಫೇಜ್ ಇದ್ದರೆ ಅಲ್ಲಲ್ಲಿ ತೂತು ಬಿದ್ದ ಹಾಗೆ ತಿಳಿಯಾದ ಚುಕ್ಕೆಗಳು ಮೂಡುತ್ತವೆ. ಒಂದು ದಿನ ಆ ಮಾಮೂಲಿ ಇ. ಕೋಲೈ ಇದ್ದ ಪ್ರನಾಳ ಒಡೆದುಹೋಯಿತು. ಮತ್ತೆ ಬೆಳೆಸುವಷ್ಟು ತಾಳ್ಮೆ ಲೂರಿಯ ಅವರಿಗಿರಲಿಲ್ಲ. ಅದೇ ಪ್ರಯೋಗಾಲಯದಲ್ಲಿದ್ದ ಜುಸೆಪ್ಪೆ ಬರ್ಟಾನಿ ಅವರಿಂದ ಇ. ಕೋಲೈಯ ಹತ್ತಿರದ ನಂಟನಾದ, ರಕ್ತಭೇದಿ ತರುವ ಷಿಗೆಲ್ಲ ಬ್ಯಾಕ್ಟೀರಿಯವನ್ನು ಎರವಲು ಪಡೆದು ತಟ್ಟೆಗೆ ಹಾಕಿದರು. ತಟ್ಟೆಯ ತುಂಬ ಚುಕ್ಕೆಗಳು!

ಅಂದರೆ ಫೇಜ್ ಮೊದಲಿನಿಂದಲೂ ಹೊರಬರುತ್ತಿತ್ತು. ಆದರೆ ಆ ವಿಚಿತ್ರ ತಳಿಯೊಳಗೆ ಹುಟ್ಟಿ ಬಂದದ್ದರಿಂದ ಅದಕ್ಕೆ ಮಾಮೂಲಿ ಇ. ಕೋಲೈಯಲ್ಲಿ ಬೆಳೆಯಲಾಗುತ್ತಿರಲಿಲ್ಲ, ಷಿಗೆಲ್ಲದಲ್ಲಿ ಬೆಳೆಯುತ್ತಿತ್ತು. ಷಿಗೆಲ್ಲದಲ್ಲಿ ಒಂದು ಸುತ್ತು ಬೆಳೆದು ಬಂದರೆ ಮತ್ತೆ ಇ. ಕೋಲೈಯಲ್ಲಿಯೂ ಬೆಳೆಯುತ್ತಿತ್ತು. ಇದು ಉತ್ಪರಿವರ್ತನೆ ಅಲ್ಲವೇ ಅಲ್ಲ. ಉತ್ಪರಿವರ್ತನೆ ಹೀಗೆ ಎಲ್ಲ ಫೇಜ್‌ಗಳಿಗೂ ಒಟ್ಟಿಗೆ ಆಗಿ ಒಟ್ಟಿಗೆ ಹೋಗುವುದಿಲ್ಲ. ಹುಟ್ಟಿದ ಮನೆಯ ಯಾವುದೋ ಮುದ್ರೆ ಫೇಜ್‌ನ ಮೇಲೆ ಬೀಳುತ್ತಿತ್ತು.

(ಬರ್ಟಾನಿ ಅವರ ಬಗ್ಗೆ ಒಂದು ಮಾತು. ಇಂದು ಬ್ಯಾಕ್ಟೀರಿಯ ಬೆಳೆಸುವ ಪ್ರಯೋಗಾಲಯಗಳಲ್ಲೆಲ್ಲ ಬಳಸುವ 'ಎಲ್‌ಬಿ' ಮಾಧ್ಯಮ ಅವರು ಆಗ ರೂಪಿಸಿದ್ದು. ಅದನ್ನು ಲೂರಿಯ–ಬರ್ಟಾನಿ ಎಂದು ಬಿಡಿಸಿ ಹೇಳುವವರು ಬಹಳ. ಬರ್ಟಾನಿ ಮಾತ್ರ ಆ ಅರ್ಥದಲ್ಲಿ ಹೆಸರಿಟ್ಟಿರಲಿಲ್ಲ.)

1953ರಲ್ಲಿ ಬರ್ಟಾನಿ, ಜಾನ್ ವೈಗ್ಲ್ ಎಂಬ ಸ್ವಿಸ್ ಭೌತವಿಜ್ಞಾನಿಯ ಜೊತೆಗೂಡಿ ಬೇರೆ ಫೇಜ್‌ಗಳಲ್ಲಿಯೂ ಇದನ್ನೇ ತೋರಿಸಿದರು. ಲ್ಯಾಂಬ್ಡ ಎಂಬ ಫೇಜನ್ನು ಇ. ಕೋಲೈಯ 'ಸಿ' ತಳಿಯಲ್ಲಿ ಬೆಳೆಸಿ 'ಕೆ' ತಳಿಗೆ ಹಾಕಿದರೆ ಹತ್ತು ಸಾವಿರದಲ್ಲಿ ಒಂದರಷ್ಟು ಫೇಜ್ ಮಾತ್ರ ಗೆಲ್ಲುತ್ತಿತ್ತು. ಹಾಗೆ ಗೆದ್ದುದರ ಮರಿಗಳು 'ಕೆ' ತಳಿಯಲ್ಲಿ ಧಾರಾಳವಾಗಿ ಬೆಳೆಯುತ್ತಿದ್ದವು. ಒಳಗೆ ಕಾವಲುಗಾರನಿದ್ದಾನೆ, ಅವನ ಕಣ್ಣು ತಪ್ಪಿಸಿ ಒಳಗೇ ಹುಟ್ಟಿದವರಿಗೆ ಮನೆಯ ಗುರುತು ಸಿಗುತ್ತದೆ. ಆದರೆ ಕಾವಲುಗಾರ ಯಾರು, ಗುರುತು ಯಾವುದು?

ವೈಗ್ಲ್ ಪ್ರತಿ ಬೇಸಿಗೆಯಲ್ಲಿ ಜಿನೀವಕ್ಕೆ ಬರುತ್ತಿದ್ದರು. ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡಿಕೊಳ್ಳುವ ಕೆಲಸದಿಂದ ಆರಂಭಿಸಿ ಫೇಜ್‌ಗಳತ್ತ ತಿರುಗಿದ ವರ್ನರ್ ಆರ್ಬರ್ ಈ ಒಗಟನ್ನು ಕೈಗೆತ್ತಿಕೊಂಡರು. ಅವರ ವಿದ್ಯಾರ್ಥಿನಿ ಡೈಸಿ ಡ್ಯುಸ್ವಾ ಫೇಜ್‌ನ ಡಿಎನ್‌ಎಗೆ ವಿಕಿರಣಪಟು ರಂಜಕ-32ನ್ನು ಸೇರಿಸಿ ಅದರ ಜಾಡು ಹಿಡಿದರು. ಪರಕೀಯ ಫೇಜ್‌ನ ಡಿಎನ್‌ಎ ಬ್ಯಾಕ್ಟೀರಿಯದೊಳಗೆ ಹೋದ ಕೆಲವೇ ನಿಮಿಷಗಳಲ್ಲಿ ಚೂರುಚೂರಾಗುತ್ತಿತ್ತು! 1962ರ ಜೋಡಿ ಪ್ರಬಂಧಗಳಲ್ಲಿ ಇದು ಪ್ರಕಟವಾಯಿತು. ಮನೆಯ ಗುರುತು ಡಿಎನ್‌ಎಯ ಮೇಲೆಯೇ ಅಂಟಿಸಿದ ಮೀಥೈಲ್ ಗುಂಪುಗಳಿರಬೇಕು ಎಂದು 1965ರಲ್ಲಿ ಆರ್ಬರ್ ಹೇಳಿದರು. ತಾನು ಕತ್ತರಿಸುವ ಜಾಗವನ್ನೇ ತನ್ನ ಡಿಎನ್‌ಎಯಲ್ಲಿ ಮೀಥೈಲ್ ಗುಂಪಿನಿಂದ ಮುಚ್ಚಿಟ್ಟುಕೊಂಡರೆ ಕತ್ತರಿ ಮನೆಯವರನ್ನು ಕಡಿಯುವುದಿಲ್ಲ. 1978ರ ನೊಬೆಲ್ ಪಾರಿತೋಷಕ ಬಂದಾಗ ಅದರಲ್ಲಿ ಡ್ಯುಸ್ವಾ ಹೆಸರಿರಲಿಲ್ಲ. ಆರ್ಬರ್ ಅವರ ಪುಟ್ಟ ಮಗಳು ಸಿಲ್ವಿಯ ಅಪ್ಪನ ಕೆಲಸವನ್ನು ರಾಜನೊಬ್ಬನ ಕಥೆಯಾಗಿ ಮಾಡಿಕೊಂಡಿದ್ದಳು: ರಾಜ ಡಿಎನ್‌ಎ, ಸೇವಕರು ಕಿಣ್ವಗಳು, ಅಪ್ಪ ಪತ್ತೆ ಮಾಡಿದ್ದು ಕತ್ತರಿ ಹಿಡಿದ ಸೇವಕನನ್ನು. ಹೈಸ್ಕೂಲು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ರೂಪ ನನಗಂತೂ ಸಿಕ್ಕಿಲ್ಲ.

ಇನ್ನುಳಿದ ಭಾಗ ನಿಮಗೆ ಗೊತ್ತಿರುವುದೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಹ್ಯಾಮಿಲ್ಟನ್ ಸ್ಮಿತ್ ಮತ್ತು ಕೆಂಟ್ ವಿಲ್‌ಕಾಕ್ಸ್ ಹೀಮೋಫಿಲಸ್ ಬ್ಯಾಕ್ಟೀರಿಯದ ಸಾರಕ್ಕೆ ಫೇಜ್ ಡಿಎನ್‌ಎ ಬೆರೆಸಿದಾಗ ದ್ರಾವಣದ ಸ್ನಿಗ್ಧತೆ ಸರಸರನೆ ಇಳಿಯಿತು. ಉದ್ದನೆಯ ಎಳೆ ತುಂಡಾದರೆ ಮಂದ ದ್ರಾವಣ ತೆಳ್ಳಗಾಗುತ್ತದೆ. ಹೀಮೋಫಿಲಸ್‌ನ ಸ್ವಂತ ಡಿಎನ್‌ಎ ಬೆರೆಸಿದರೆ ಇಳಿಯಲಿಲ್ಲ. 1970ರಲ್ಲಿ ವರದಿಯಾದ ಈ ಕಿಣ್ವ ಗೊತ್ತಾದ ಆರು ಅಕ್ಷರಗಳ ಜಾಗದಲ್ಲೇ ಕತ್ತರಿಸುತ್ತಿತ್ತು. ಮರುವರ್ಷವೇ ಡೇನಿಯಲ್ ನೇಥನ್ಸ್ ಮತ್ತು ಕ್ಯಾಥ್ಲೀನ್ ಡಾನ ಅದರಿಂದ ಎಸ್‌ವಿ40 ಎಂಬ ವೈರಸ್‌ನ ಡಿಎನ್‌ಎಯನ್ನು 11 ತುಂಡು ಮಾಡಿ ತೋರಿಸಿದರು. 1973ರಲ್ಲಿ ಜೀನ್ ಜೋಡಣೆ, 1982ರಲ್ಲಿ ಬ್ಯಾಕ್ಟೀರಿಯ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ.

ಪಿಯುಸಿ ತರಗತಿಗಳಲ್ಲಿ ಈ ಕಿಣ್ವಗಳನ್ನು 'ಅಣು ಕತ್ತರಿ' ಎಂದು ಕಲಿಸುತ್ತೇವೆ. ಇಕೊ-ಆರ್-ಒನ್ ಕತ್ತರಿಸುವ ಜಿ-ಎ-ಎ-ಟಿ-ಟಿ-ಸಿ ಒಂದು ಪ್ಯಾಲಿಂಡ್ರೋಮ್ ಎಂದು ಹೇಳಿ 'ವಿಕಟಕವಿ'ಯ ಉದಾಹರಣೆ ಕೊಡುತ್ತೇವೆ. (ಹೋಲಿಕೆ ಪೂರ್ತಿ ಸರಿಯಲ್ಲ. ವಿಕಟಕವಿಯನ್ನು ಅದೇ ಸಾಲಿನಲ್ಲಿ ಹಿಂದುಮುಂದಾಗಿ ಓದಬೇಕು. ಡಿಎನ್‌ಎಯಲ್ಲಿ ಎದುರು ಎಳೆಯನ್ನು ಹಿಮ್ಮುಖವಾಗಿ ಓದಬೇಕು.) ಆದರೆ ಬ್ಯಾಕ್ಟೀರಿಯಕ್ಕೆ ಈ ಕತ್ತರಿ ಯಾಕೆ ಬೇಕಿತ್ತು ಎಂದು ಕೇಳುವ ವಿದ್ಯಾರ್ಥಿ ಅಪರೂಪ, ಕೇಳುವಂತೆ ಮಾಡುವ ಮೇಷ್ಟರು ಇನ್ನೂ ಅಪರೂಪ. ನಾನೂ ಹಲವು ವರ್ಷ ಹಾಗೆಯೇ ಕಲಿಸಿದವನು. ಈ ಕತ್ತರಿಗಳ ಬಗ್ಗೆ ನಮ್ಮಲ್ಲಿಯೂ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿ.ಎನ್. ರಾವ್ ಅವರ ತಂಡ ಇಕೊ-ಪಿ15-ಒನ್ ಕಿಣ್ವವನ್ನೂ ವಿ. ನಾಗರಾಜ ಅವರ ತಂಡ ಕೆಪಿಎನ್-ಒನ್ ಕಿಣ್ವವನ್ನೂ ದೀರ್ಘಕಾಲ ಅಧ್ಯಯನ ಮಾಡಿದವು. ಕೆಪಿಎನ್-ಒನ್ ಮೆಗ್ನೀಸಿಯಂ ಇದ್ದಾಗ ತನ್ನ ಜಾಗವನ್ನು ಹೋಲುವ ಬೇರೆ ಜಾಗಗಳನ್ನೂ ಕಡಿಯುತ್ತದೆ, ಕ್ಯಾಲ್ಸಿಯಂ ಇದ್ದಾಗ ಕಟ್ಟುನಿಟ್ಟಾಗಿರುತ್ತದೆ ಎಂಬುದು ಅಲ್ಲಿ ತಿಳಿದುಬಂದ ಸೋಜಿಗ.

ಕತ್ತರಿ ಹಿಡಿದ ಸೇವಕನಿಗೆ ಒಂದು ದೊಡ್ಡ ಕೊರತೆಯಿದೆ. ಅವನಿಗೆ ನೆನಪಿಲ್ಲ. ಗುರುತು ಇಲ್ಲದ ಯಾರನ್ನಾದರೂ ಕಡಿಯುತ್ತಾನೆ. ಒಮ್ಮೆ ಯಾರಾದರೂ ನುಸುಳಿ ಗುರುತು ಹಚ್ಚಿಸಿಕೊಂಡರೆ ಅವರ ಸಂತತಿಗೆಲ್ಲ ಬಾಗಿಲು ತೆರೆದಂತೆಯೇ. ನೆನಪಿರುವ ಕಾವಲುಗಾರ ಸಿಕ್ಕಿದ್ದು ಉಪ್ಪಿನ ನೀರಿನಲ್ಲಿ.

1987ರಲ್ಲಿ ಜಪಾನಿನ ಒಸಾಕ ವಿಶ್ವವಿದ್ಯಾನಿಲಯದ ಯೋಷಿಜುಮಿ ಇಷಿನೊ ಮತ್ತು ಸಂಗಡಿಗರು ಇ. ಕೋಲೈಯ ಒಂದು ಜೀನ್‌ನ ಪಕ್ಕದಲ್ಲಿ 29 ಅಕ್ಷರಗಳ ಒಂದೇ ಸಾಲು ಐದು ಸಲ ಮರುಕಳಿಸುವುದನ್ನು ಕಂಡಿದ್ದರು. ಎರಡು ಸಾಲುಗಳ ನಡುವೆ 32 ಅಕ್ಷರಗಳ, ಒಂದಕ್ಕೊಂದು ಹೋಲದ ತುಣುಕುಗಳು. ಅರ್ಥವೇನೆಂದು ಅವರಿಗೆ ತಿಳಿಯಲಿಲ್ಲ. ಹಾಗೆಂದು ಬರೆದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಸ್ಪೇನಿನ ಅಲಿಕಾಂಟೆ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿ ಫ್ರಾನ್ಸಿಸ್ಕೊ ಮೊಹಿಕ ಅಂಥದ್ದನ್ನೇ ಬೇರೊಂದು ಜೀವಿಯಲ್ಲಿ ಕಂಡರು. ಸಮೀಪದ ಸಾಂಟ ಪೋಲದ ಉಪ್ಪಿನ ಕೊಳಗಳಲ್ಲಿ ದೊರೆತ ಹ್ಯಾಲೊಫೆರಾಕ್ಸ್ ಅದು. ಅದು ಬ್ಯಾಕ್ಟೀರಿಯ ಅಲ್ಲ, ಆರ್ಕಿಯ. 1977ರಲ್ಲಿ ಕಾರ್ಲ್ ವೋಸ್ ಬೇರೆಯೇ ಗುಂಪೆಂದು ಗುರುತಿಸಿದ ಏಕಕೋಶಜೀವಿಗಳ ಬಳಗಕ್ಕೆ ಸೇರಿದ್ದು. ನೀರಿನ ಉಪ್ಪು ಹೆಚ್ಚುಕಡಿಮೆಯಾದಾಗ ಅದರ ಡಿಎನ್‌ಎಯನ್ನು ಆರ್ಬರ್–ಸ್ಮಿತ್‌ರ ಆ ಕತ್ತರಿ ಕಿಣ್ವಗಳು ಕಡಿಯುವ ರೀತಿ ಬದಲಾದಂತೆ ಕಂಡಿತ್ತು. ಅದರ ಕಾರಣ ಹುಡುಕುತ್ತ ಹೋದ ಮೊಹಿಕರಿಗೆ 30 ಅಕ್ಷರಗಳ ಮರುಕಳಿಕೆಗಳು, ನಡುವೆ 36 ಅಕ್ಷರಗಳ ಆಸುಪಾಸಿನ ತುಣುಕುಗಳು ಸಿಕ್ಕಿದವು. ಒಂದು ಕತ್ತರಿಯ ದಾರಿ ಇನ್ನೊಂದಕ್ಕೆ ಹೋಗಿತ್ತು. ಅವರಿಗೆ ಆಗ ಅದು ತಿಳಿಯುವಂತಿರಲಿಲ್ಲ.

ಎಷ್ಟೋ ದೂರದ ಸಂಬಂಧವಿರುವ ಬ್ಯಾಕ್ಟೀರಿಯ ಮತ್ತು ಆರ್ಕಿಯಗಳೆರಡರಲ್ಲಿಯೂ ಒಂದೇ ವಿನ್ಯಾಸ ಇರುವುದಾದರೆ ಅದಕ್ಕೊಂದು ದೊಡ್ಡ ಕೆಲಸ ಇರಲೇಬೇಕು ಎಂದು ಮೊಹಿಕ ಹಟ ಹಿಡಿದರು. ಹತ್ತು ವರ್ಷ ಒಂದರ ಮೇಲೊಂದು ಊಹೆ ತಪ್ಪಾಯಿತು. 2002ರಲ್ಲಿ ಈ ವಿನ್ಯಾಸಕ್ಕೆ 'ಕ್ರಿಸ್ಪರ್' ಎಂಬ ಹೆಸರು ಬಿತ್ತು; ಸಮಾನ ಅಂತರದಲ್ಲಿ ಗುಂಪಾಗಿ ಮರುಕಳಿಸುವ ಗಿಡ್ಡ ಪ್ಯಾಲಿಂಡ್ರೋಮ್ ಸಾಲುಗಳು ಎಂಬುದರ ಸಂಕ್ಷೇಪ. 2003ರಲ್ಲಿ ಅವರು ಮರುಕಳಿಕೆಗಳನ್ನು ಬಿಟ್ಟು ನಡುವಿನ ತುಣುಕುಗಳನ್ನು ಒಂದೊಂದಾಗಿ ಗಣಕದ ಮಾಹಿತಿಕೋಶಕ್ಕೆ ಹೋಲಿಸತೊಡಗಿದರು. ಇ. ಕೋಲೈಯ ಒಂದು ತಳಿಯಲ್ಲಿದ್ದ ತುಣುಕು ಪಿ1 ಎಂಬ ಫೇಜ್‌ನ ಡಿಎನ್‌ಎಗೆ ಹೊಂದಿಕೊಂಡಿತು. ಆ ತಳಿಗೆ ಪಿ1 ತಗಲುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು! ಸುಮಾರು 4500 ತುಣುಕುಗಳಲ್ಲಿ 88ಕ್ಕೆ ಹೋಲಿಕೆ ಸಿಕ್ಕಿತು. ಅವುಗಳ ಮೂರನೇ ಎರಡು ಪಾಲು ವೈರಸ್‌ಗಳವು, ಇಲ್ಲವೇ ಕೋಶದಿಂದ ಕೋಶಕ್ಕೆ ದಾಟುವ ಪ್ಲಾಸ್ಮಿಡ್‌ಗಳವು. ಹಿಂದೆ ದಾಳಿ ಮಾಡಿದವರ ಪಟ್ಟಿಯನ್ನು ಜೀವಿ ತನ್ನ ಡಿಎನ್‌ಎಯಲ್ಲಿ ಬರೆದಿಟ್ಟುಕೊಂಡಿತ್ತು.

ಈ ಪ್ರಬಂಧವನ್ನು ಹೆಸರಾಂತ ನಿಯತಕಾಲಿಕಗಳು ಒಂದರ ಹಿಂದೊಂದು ತಿರಸ್ಕರಿಸಿದವು. ಅಲೆದಾಡಿ ಕೊನೆಗೆ 2005ರ ಆರಂಭದಲ್ಲಿ ಅಷ್ಟೇನೂ ಪ್ರಸಿದ್ಧವಲ್ಲದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಫ್ರಾನ್ಸಿನಲ್ಲಿ ಪ್ಲೇಗ್ ಬ್ಯಾಕ್ಟೀರಿಯದ ಮೇಲೆ ಕೆಲಸ ಮಾಡುತ್ತಿದ್ದ ಕ್ರಿಸ್ಟೀನ್ ಪೂರ್ಸೆಲ್ ಮತ್ತು ಜಿಲ್ ವೆರ್ನ್ಯೊ, ಬೇರೆಯಾಗಿ ಅಲೆಕ್ಸಾಂಡರ್ ಬೊಲೊಟಿನ್ ಕೂಡ ಅದೇ ವರ್ಷ ಇದೇ ತೀರ್ಮಾನಕ್ಕೆ ಬಂದಿದ್ದರು. ಆದರೂ ಇದೆಲ್ಲ ಗಣಕದ ಮೇಲಿನ ಹೋಲಿಕೆ. ಪ್ರಯೋಗದ ಸಾಕ್ಷ್ಯ ಬೇಕಿತ್ತು.

ಅದು ಬಂದದ್ದು ಮೊಸರಿನಿಂದ. ಡ್ಯಾನಿಸ್ಕೊ ಎಂಬ ಡೆನ್ಮಾರ್ಕಿನ ಕಂಪನಿ ಡೈರಿಗಳಿಗೆ ಹೆಪ್ಪಿನ ಬ್ಯಾಕ್ಟೀರಿಯಗಳನ್ನು ಮಾರುತ್ತಿತ್ತು. ಫೇಜ್ ಹಾವಳಿ ಅದರ ನಿತ್ಯದ ತಲೆನೋವು. ಅಲ್ಲಿನ ಫಿಲಿಪ್ ಹೊರ್ವಾತ್ ಮತ್ತು ರೊಡಾಲ್ಫ್ ಬರಾಂಗು ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬ ಮೊಸರಿನ ಬ್ಯಾಕ್ಟೀರಿಯಕ್ಕೆ ಎರಡು ಬಗೆಯ ಫೇಜ್‌ಗಳನ್ನು ಹಾಕಿ, ಬದುಕಿ ಉಳಿದ ಒಂಬತ್ತು ತಳಿಗಳನ್ನು ಆರಿಸಿ, ಅವುಗಳ ಕ್ರಿಸ್ಪರ್ ಸಾಲನ್ನು ಓದಿದರು. ಪ್ರತಿಯೊಂದರಲ್ಲಿಯೂ ಸಾಲಿನ ಒಂದೇ ತುದಿಯಲ್ಲಿ ಒಂದರಿಂದ ನಾಲ್ಕು ಹೊಸ ತುಣುಕುಗಳು ಸೇರಿಕೊಂಡಿದ್ದವು. ಎಲ್ಲವೂ ದಾಳಿ ಮಾಡಿದ ಫೇಜ್‌ನವೇ. ತುಣುಕನ್ನು ತೆಗೆದುಹಾಕಿದರೆ ನಿರೋಧ ಹೋಗುತ್ತಿತ್ತು. ಬೇರೆ ತಳಿಗೆ ಸೇರಿಸಿದರೆ ಅದಕ್ಕೆ ನಿರೋಧ ಬರುತ್ತಿತ್ತು. ಪಕ್ಕದಲ್ಲಿದ್ದ ಒಂದು ಜೀನನ್ನು ಕೆಡಿಸಿದಾಗ ತುಣುಕು ಇದ್ದರೂ ಪ್ರಯೋಜನವಾಗಲಿಲ್ಲ. ಇಂದು ಕ್ಯಾಸ್9 ಎಂದು ಹೆಸರಾದ ಪ್ರೋಟೀನಿನ ಜೀನ್ ಅದು. 2007ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆ ಇದನ್ನು ಪ್ರಕಟಿಸಿತು.

ಕೆಲಸ ನಡೆಯುವ ಬಗೆ ಹೀಗೆ. ಕೋಶ ತನ್ನ ಕ್ರಿಸ್ಪರ್ ಸಾಲಿನಿಂದ ಆರ್‌ಎನ್‌ಎ ಪ್ರತಿ ತೆಗೆದು ತುಂಡರಿಸುತ್ತದೆ. ಪ್ರತಿ ತುಂಡಿನಲ್ಲಿಯೂ ಒಬ್ಬ ಹಳೆಯ ಶತ್ರುವಿನ ಗುರುತು. ಆ ತುಂಡನ್ನು ಹಿಡಿದುಕೊಂಡ ಪ್ರೋಟೀನು ಕೋಶದಲ್ಲಿ ಹುಡುಕುತ್ತ, ಹೊಂದುವ ಡಿಎನ್‌ಎ ಸಿಕ್ಕ ಕಡೆ ಕಡಿಯುತ್ತದೆ. ಇಲ್ಲೊಂದು ಸಂದೇಹ ನಿಮಗೆ ಬಂದಿರಬೇಕು: ಅದೇ ಅಕ್ಷರಗಳು ತನ್ನ ಕ್ರಿಸ್ಪರ್ ಸಾಲಿನಲ್ಲಿಯೂ ಇವೆಯಲ್ಲ, ಅದನ್ನೇಕೆ ಕಡಿಯುವುದಿಲ್ಲ? ಕ್ಯಾಸ್9 ಕಡಿಯಬೇಕಾದರೆ ಹೊಂದುವ ಸಾಲಿನ ಪಕ್ಕದಲ್ಲಿ ಕೆಲವೇ ಅಕ್ಷರಗಳ ಇನ್ನೊಂದು ಗುರುತು ಇರಬೇಕು. ಫೇಜ್‌ನ ಡಿಎನ್‌ಎಯಲ್ಲಿ ಅದು ಇದೆ. ತುಣುಕನ್ನು ಕತ್ತರಿಸಿ ಸಂಗ್ರಹಿಸುವಾಗ ಅದು ಬಿಟ್ಟುಹೋಗುತ್ತದೆ.

ಗುರಿ ಡಿಎನ್‌ಎಯೇ, ಆರ್‌ಎನ್‌ಎ ಅಲ್ಲ ಎಂದು 2008ರಲ್ಲಿ ಲುಸಿಯಾನೊ ಮರಾಫಿನಿ ಮತ್ತು ಎರಿಕ್ ಸಾಂಥೈಮರ್ ತೋರಿಸಿದ ಬಗೆ ತರಗತಿಯಲ್ಲಿ ಹೇಳಲೇಬೇಕಾದಷ್ಟು ಸೊಗಸಾಗಿದೆ. ಪ್ಲಾಸ್ಮಿಡ್‌ನಲ್ಲಿ ಕ್ರಿಸ್ಪರ್ ಗುರುತಿಸುವ ಜಾಗದ ನಡುವೆ ಅವರು ಒಂದು ಇಂಟ್ರಾನನ್ನು ತುರುಕಿದರು. ಈ ಇಂಟ್ರಾನ್ ಆರ್‌ಎನ್‌ಎ ಆದ ಕೂಡಲೇ ತಾನಾಗಿ ಕಳಚಿಕೊಳ್ಳುತ್ತದೆ. ಅಂದರೆ ಆರ್‌ಎನ್‌ಎಯಲ್ಲಿ ಜಾಗ ಮೊದಲಿನಂತೆಯೇ ಇರುತ್ತದೆ, ಡಿಎನ್‌ಎಯಲ್ಲಿ ಮಾತ್ರ ಒಡೆದಿರುತ್ತದೆ. ಅಂಥ ಪ್ಲಾಸ್ಮಿಡ್ ಬ್ಯಾಕ್ಟೀರಿಯದೊಳಕ್ಕೆ ನಿರಾತಂಕವಾಗಿ ದಾಟಿತು!

ನಮಗೆ ಬೇಕಾದ ಡಿಎನ್‌ಎಯನ್ನು ಬೇಕಾದಲ್ಲಿ ಕಡಿಯಲು ಇದನ್ನು ಬಳಸಬಹುದೆಂಬುದು ಅಲ್ಲಿಂದ ನಾಲ್ಕೇ ವರ್ಷಗಳಲ್ಲಿ ಸಾಧಿತವಾಯಿತು. 2012ರ ಜೂನ್‌ನಲ್ಲಿ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನ ಅವರ ತಂಡಗಳು ಒಟ್ಟಾಗಿ ಪ್ರಕಟಿಸಿದವು. 2020ರ ರಸಾಯನವಿಜ್ಞಾನದ ನೊಬೆಲ್ ಅವರಿಬ್ಬರಿಗೆ ಸಂದಿತು. ಲಿಥುವೇನಿಯದ ವಿರ್ಗಿನಿಯಸ್ ಶಿಕ್ಷ್‌ನಿಸ್ ಅದೇ ಸಂಗತಿಯನ್ನು ಏಪ್ರಿಲ್‌ನಲ್ಲೇ ಬರೆದು ಕಳಿಸಿದ್ದರು. ಒಂದು ಪತ್ರಿಕೆ ತಿರಸ್ಕರಿಸಿದ್ದರಿಂದ ಪ್ರಕಟವಾದದ್ದು ಸೆಪ್ಟೆಂಬರಿನಲ್ಲಿ. ಅವರು ಮೂಲತಃ ಆರ್ಬರ್ ಪರಂಪರೆಯ ಕತ್ತರಿ ಕಿಣ್ವಗಳ ಮೇಲೆ ಕೆಲಸ ಮಾಡಿದವರು.

2023ರ ನವೆಂಬರಿನಲ್ಲಿ ಬ್ರಿಟನ್ ಕುಡುಗೋಲು ಕಣ ರೋಗಕ್ಕೆ ಕ್ರಿಸ್ಪರ್ ಚಿಕಿತ್ಸೆಯನ್ನು ಒಪ್ಪಿತು, ಮರುತಿಂಗಳು ಅಮೆರಿಕ. ರೋಗಿಯ ಅಸ್ಥಿಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ಸೇರಿಸುವ ವಿಧಾನ. ಅಮೆರಿಕದಲ್ಲಿ ನಿಗದಿಯಾದ ಬೆಲೆ ಒಬ್ಬರಿಗೆ 22 ಲಕ್ಷ ಡಾಲರು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಬುಡಕಟ್ಟು ಜನರಲ್ಲಿಯೂ ಈ ರೋಗವಿದೆ. ಮೊಸರಿನ ಬ್ಯಾಕ್ಟೀರಿಯ ಪುಕ್ಕಟೆಯಾಗಿ ಮಾಡುವ ಕೆಲಸ ಅವರ ಹಾಡಿಗೆ ತಲುಪಲು ಆ ಬೆಲೆ ಎಷ್ಟು ಇಳಿಯಬೇಕೋ ಲೆಕ್ಕ ಹಾಕಿ.

ಈಗ 1943ಕ್ಕೆ ಮರಳೋಣ. ಬ್ಯಾಕ್ಟೀರಿಯ ಅನುಭವದಿಂದ ಕಲಿಯುವುದಿಲ್ಲ ಎಂದ ಲೂರಿಯ, ಡೆಲ್‌ಬ್ರೂಕ್ ತಪ್ಪಿದರೆ? ಇಲ್ಲ. ಅವರು ನೋಡಿದ ತಳಿಯಲ್ಲಿ, ಆ ಫೇಜ್‌ನ ಎದುರು, ನಿರೋಧ ಬಂದದ್ದು ಉತ್ಪರಿವರ್ತನೆಯಿಂದಲೇ. ಇ. ಕೋಲೈಯಲ್ಲಿ ಕ್ರಿಸ್ಪರ್ ಇದ್ದರೂ ಪ್ರಯೋಗಾಲಯದಲ್ಲಿ ಅದು ಸಾಮಾನ್ಯವಾಗಿ ಮೌನವಾಗಿರುತ್ತದೆ. ಅವರು ಮೊಸರಿನ ಬ್ಯಾಕ್ಟೀರಿಯವನ್ನು ಆರಿಸಿಕೊಂಡಿದ್ದರೆ ತಟ್ಟೆಗಳು ಬೇರೆ ಕಥೆ ಹೇಳುತ್ತಿದ್ದವೋ ಏನೋ. ಒಂದು ಜೀವಿಯ ಮೇಲೆ ಸರಿಯಾಗಿ ಮಾಡಿದ ಪ್ರಯೋಗವನ್ನು ಎಲ್ಲ ಜೀವಿಗಳಿಗೂ ಹಬ್ಬಿಸಿ ಹೇಳಿದ್ದು ಪಠ್ಯಪುಸ್ತಕ ಬರೆದ ನಾವು.

ಇಂಥ ಒಳ್ಳೆಯ ರಕ್ಷಣೆ ಎಲ್ಲ ಬ್ಯಾಕ್ಟೀರಿಯಗಳಲ್ಲಿಯೂ ಏಕಿಲ್ಲ? ಆರ್ಕಿಯಗಳಲ್ಲಿ ಬಹುಪಾಲಿನಲ್ಲಿ ಕ್ರಿಸ್ಪರ್ ಇದ್ದರೆ ಬ್ಯಾಕ್ಟೀರಿಯಗಳಲ್ಲಿ ಸುಮಾರು 40 ಶೇಕಡದಲ್ಲಿ ಮಾತ್ರ ಇದೆ. ಬಾಗಿಲು ಭದ್ರವಾದರೆ ಕಳ್ಳನ ಜೊತೆಗೆ ನೆಂಟನೂ ಹೊರಗುಳಿಯುತ್ತಾನೆ. ಪ್ರತಿಜೈವಿಕಗಳಿಗೆ ಬಗ್ಗದಂತೆ ಮಾಡುವ ಜೀನ್‌ಗಳು ಪ್ಲಾಸ್ಮಿಡ್‌ಗಳ ಮೇಲೆಯೇ ಸವಾರಿ ಮಾಡಿ ಬರುತ್ತವೆ. ಆಸ್ಪತ್ರೆಗಳಲ್ಲಿ ಸೋಂಕು ತರುವ ಎಂಟೆರೊಕಾಕಸ್‌ನ ತಳಿಗಳನ್ನು 2010ರಲ್ಲಿ ಕೆಲ್ಲಿ ಪಾಮರ್ ಮತ್ತು ಮೈಕೆಲ್ ಗಿಲ್ಮೋರ್ ಹೋಲಿಸಿದಾಗ, ಹಲವು ಔಷಧಿಗಳಿಗೆ ಬಗ್ಗದ ತಳಿಗಳಲ್ಲಿ ಕ್ರಿಸ್ಪರ್ ವ್ಯವಸ್ಥೆ ಇಲ್ಲದಿರುವುದು ಕಂಡಿತು. ನಾವು ಬೇಕಾಬಿಟ್ಟಿ ಪ್ರತಿಜೈವಿಕ ನುಂಗುವ ಕಡೆ ಬಾಗಿಲು ಕಿತ್ತ ಮನೆಗೇ ಲಾಭ.

ಕಾವಲುಗಾರರ ಪಟ್ಟಿ ಇಲ್ಲಿಗೆ ಮುಗಿಯಲಿಲ್ಲ. ರಕ್ಷಣೆಯ ಜೀನ್‌ಗಳು ಒಂದರ ಪಕ್ಕ ಒಂದು ಗುಂಪಾಗಿರುತ್ತವೆ ಎಂಬ ಸುಳಿವು ಹಿಡಿದು ಇಸ್ರೇಲಿನ ರೊಟೆಮ್ ಸೊರೆಕ್ ಅವರ ತಂಡ 2018ರಲ್ಲಿ ಹತ್ತು ಹೊಸ ವ್ಯವಸ್ಥೆಗಳನ್ನು ಮುಂದಿಟ್ಟಿತು. ಆಮೇಲೆ ನೂರಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ರೆಟ್ರಾನ್. ಅರ್ಧ ಆರ್‌ಎನ್‌ಎ, ಅರ್ಧ ಡಿಎನ್‌ಎ ಆಗಿರುವ ಈ ವಿಚಿತ್ರ ಅಣು 1984ರಲ್ಲೇ ಸಿಕ್ಕಿದ್ದರೂ ಅದರ ಕೆಲಸ ತಿಳಿದದ್ದು 2020ರಲ್ಲಿ. ಬ್ಯಾಕ್ಟೀರಿಯದಲ್ಲಿ ಆರ್‌ಇಸಿ-ಬಿಸಿಡಿ ಎಂಬ ಕಿಣ್ವ ಪರಕೀಯ ಡಿಎನ್‌ಎಯನ್ನು ಅರೆಯುತ್ತಿರುತ್ತದೆ. ಕೆಲವು ಫೇಜ್‌ಗಳು ಒಳಗೆ ಬಂದ ಕೂಡಲೇ ಮೊದಲು ಆ ಕಿಣ್ವದ ಕೈಕಟ್ಟುತ್ತವೆ. ಒಂದು ಬಗೆಯ ರೆಟ್ರಾನ್ ಆ ಕಿಣ್ವವನ್ನೇ ಕಾಯುತ್ತ ಕೂತಿರುತ್ತದೆ. ಕಿಣ್ವದ ಕೈಕಟ್ಟಿತೆಂದು ತಿಳಿದೊಡನೆ ಅದು ಇಡೀ ಕೋಶವನ್ನೇ ಕೊಂದುಬಿಡುತ್ತದೆ. ಒಳಗಿದ್ದ ಫೇಜ್ ಇನ್ನೂ ಮರಿ ಮಾಡಿರುವುದಿಲ್ಲ. ಪಕ್ಕದ ಕೋಶಗಳು ಎಂದಿನಂತೆ ಎರಡಾಗಿ ಒಡೆದು ಬೆಳೆಯುತ್ತಿರುತ್ತವೆ.